ಹೊಸ್ತಿಲಿನ ಎತ್ತರ



ಪ್ರತಿವರ್ಷವೂ ಶ್ರೀಮಠದಿಂದ ಜಾತ್ರೆಯ ಆಹ್ವಾನಪತ್ರಿಕೆ ನಮ್ಮ ಮನೆಗೆ ಬಂದಾಗ ಅದನ್ನು ಮೊದಲು ಓದುವವಳು ನನ್ನ ಅಕ್ಕ. ರಥೋತ್ಸವ ಎಂದು, ವಚನಗೋಷ್ಠಿ ಯಾವ ಹೊತ್ತಿಗೆ, ಕೃಷಿ ವಸ್ತುಪ್ರದರ್ಶನವನ್ನು ಉದ್ಘಾಟಿಸುವವರು ಯಾರು ಎಂಬುದೆಲ್ಲವನ್ನೂ ಓದಿ ಮುಗಿಸಿ, ಕನ್ನಡಕವನ್ನು ತೆಗೆದಿಟ್ಟು, ಆಕೆ ಒಂದೇ ಪ್ರಶ್ನೆಯನ್ನು ಕೇಳುತ್ತಾಳೆ: “ಮೆಟ್ಟಿಲು ಎಷ್ಟು ಅಂತ ಬರೆದೇ ಇಲ್ಲವಲ್ಲೋ ತಮ್ಮಯ್ಯ?” ಎಪ್ಪತ್ತು ದಾಟಿದ ನನಗೆ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನಿವೃತ್ತಿಯ ಕಾಯಕವಾಗಿದೆ. ಆ ಕಾಯಕದ ವರದಿಯನ್ನು ತಮ್ಮ ಮುಂದೆ ಇಡಬೇಕೆಂಬ ಅಪೇಕ್ಷೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ೧೯೬೬ರಿಂದ ೧೯೭೨ರವರೆಗೆ ಶ್ರೀಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಅನ್ನ, ಅಕ್ಷರ, ಆಶ್ರಯ ಮೂರನ್ನೂ ಪಡೆದ ಸಹಸ್ರಾರು ಮಕ್ಕಳಲ್ಲಿ ಒಬ್ಬ. ಅನಂತರ ಬೆಂಗಳೂರಿಗೆ ಬಂದು, ಮೈಸೂರು ರಸ್ತೆಯ ಕವಿಕಾ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರುಗಳ ನಡುವೆ ದುಡಿದು, ೨೦೧೫ರಲ್ಲಿ ನಿವೃತ್ತನಾಗಿ, ಸಮೀಪದ ದೀಪಾಂಜಲಿ ನಗರದಲ್ಲಿಯೇ ನೆಲೆಸಿದ್ದೇನೆ. ನಮ್ಮ ಊರು ಕುಣಿಗಲ್ ತಾಲ್ಲೂಕಿನ ಒಂದು ಚಿಕ್ಕ ಗ್ರಾಮ. ಅಕ್ಕ ನನಗಿಂತ ನಾಲ್ಕು ವರ್ಷ ಹಿರಿಯಳು. ಆಕೆಗೆ ಮೂರು ವರ್ಷವಾಗಿದ್ದಾಗ ಬಂದ ಜ್ವರವೊಂದು ಎರಡು ಕಾಲುಗಳ ಶಕ್ತಿಯನ್ನೂ ಕೊಂಡೊಯ್ದಿತು. ಅದಕ್ಕೆ ಪೋಲಿಯೊ ಎಂಬ ಹೆಸರಿದೆಯೆಂದು ನಮ್ಮ ತಂದೆತಾಯಿಗಳಿಗೆ ತಿಳಿದದ್ದೇ ಬಹಳ ತಡವಾಗಿ. ನಮ್ಮ ದೇಶದಲ್ಲಿ ಸಹಜವಾಗಿ ಹರಡುವ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡುಬಂದದ್ದು ೨೦೧೧ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ೨೦೧೪ರ ಮಾರ್ಚ್ ತಿಂಗಳಿನಲ್ಲಿ ಭಾರತವು ಪೋಲಿಯೊಮುಕ್ತವೆಂದು ಸಾರಲಾಯಿತು. ವ್ಯಾಧಿ ತೊಲಗಿತು, ಸಂತೋಷ. ಆದರೆ ಅದಕ್ಕೆ ಸಿಲುಕಿದವರು ನಮ್ಮ ನಡುವೆಯೇ ಮುಪ್ಪಾಗುತ್ತಿದ್ದಾರೆ. ಅರವತ್ತರವರೆಗೆ ಊರುಗೋಲುಗಳ ಮೇಲೆ ಓಡಾಡಿದ ಅಕ್ಕನಿಗೆ ಅನಂತರ ತೋಳು, ಭುಜಗಳೂ ಸೋತವು. ಪೋಲಿಯೊ ಬಂದುಹೋದವರಿಗೆ ದಶಕಗಳ ಮೇಲೆ ಹೀಗೆ ಮತ್ತೆ ಬಲಹೀನತೆ ತಲೆದೋರುವುದುಂಟೆಂದು ವೈದ್ಯರು ತಿಳಿಸಿದರು. ೨೦೧೩ರಲ್ಲಿ ತಾಯಿಯವರು ಲಿಂಗೈಕ್ಯರಾದ ಮೇಲೆ ಆಕೆ ನನ್ನ ಮನೆಗೆ ಬಂದಳು. ಜೊತೆಯಲ್ಲಿ ಗಾಲಿಕುರ್ಚಿಯೂ ಬಂದಿತು.

ಇಂಥವರನ್ನು ಕರೆಯುವ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಊರಿನವರು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲಾರೆ. ಅನಂತರ ಅಂಗವಿಕಲರು ಎಂದರು. ಆಮೇಲೆ ವಿಕಲಚೇತನರು, ಈಗ ವಿಶೇಷಚೇತನರು. ವಿಕಲಚೇತನ ಎಂಬ ಪದವನ್ನು ಮೊದಲ ಬಾರಿ ಕೇಳಿದಾಗ ಅಕ್ಕ ನಕ್ಕಳು. “ಕಾಲು ವಿಕಲ ಅಂದ್ರೆ ಒಪ್ಪುತೀನಿ. ಚೇತನಕ್ಕೇನಾಗಿದೆಯೋ?” ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ವಾಚಕರೇ, ಎತ್ತಿನ ಗಾಡಿಯ ಕಾಲವನ್ನು ಕಂಡ ಹಿರಿಯರು ತಮ್ಮಲ್ಲಿ ಅನೇಕರಿರಬಹುದು. ಯಡಿಯೂರಿಗೋ ಮತ್ತಾವುದೋ ಜಾತ್ರೆಗೋ ಹೊರಡುವಾಗ ನಮ್ಮ ತಂದೆಯವರು ಗಾಡಿಯನ್ನು ಹಿಮ್ಮುಖವಾಗಿ ತಂದು ಮನೆಯ ಜಗಲಿಗೆ ತಾಗಿಸಿ ನಿಲ್ಲಿಸುತ್ತಿದ್ದರು. ಜಗಲಿಯ ಎತ್ತರವೂ ಗಾಡಿಯ ಹಲಗೆಯ ಎತ್ತರವೂ ಹೆಚ್ಚುಕಡಿಮೆ ಒಂದೇ. ಅಕ್ಕ ಜಗಲಿಯ ಮೇಲೆ ಕುಳಿತಲ್ಲಿಂದಲೇ ಅಂಗೈಗಳನ್ನೂರಿ, ಹಾಸಿದ ಹುಲ್ಲಿನ ಮೇಲಕ್ಕೆ ಸರಿದುಬಿಡುತ್ತಿದ್ದಳು. ಯಾರೂ ಎತ್ತಬೇಕಾಗಿರಲಿಲ್ಲ, ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಲ್ಯದಲ್ಲಿ ಆಕೆ ಕಂಡ ತೇರುಗಳೆಲ್ಲವೂ ಹೀಗೆ ಗಾಡಿಯೊಳಗಿನಿಂದ ಕಂಡವು. ೧೯೭೨ರಲ್ಲಿ ನಮ್ಮ ಊರಿಗೆ ಬಸ್ಸು ಬಂದಿತು. ಬಾಳೆಕಂದು ಕಟ್ಟಿ, ಕಾಯಿ ಒಡೆದು, ಊರಿಗೆ ಊರೇ ಹಬ್ಬ ಮಾಡಿತು. ಎರಡು ಮೂರು ವರ್ಷಗಳಲ್ಲಿ ದೂರದ ಪಯಣಕ್ಕೆ ಗಾಡಿ ಹೂಡುವವರೇ ಇಲ್ಲವಾದರು. ಆ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಒಂದೂವರೆ ಅಡಿ ಮೇಲಿತ್ತು, ಬಾಗಿಲು ಕಿರಿದು, ಕಂಡಕ್ಟರಿಗೆ ಅವಸರ. ಊರಿನವರೆಲ್ಲರಿಗೂ ದಾರಿ ತೆರೆದ ಆ ವಾಹನವೇ ಅಕ್ಕನ ಪಾಲಿಗೆ ದಾರಿಯನ್ನು ಮುಚ್ಚಿತು. ಈಗ, ೨೦೨೩ರ ಜೂನ್ ೧೧ರಿಂದ, ಶಕ್ತಿ ಯೋಜನೆಯ ಮೂಲಕ ನಾಡಿನ ಹೆಣ್ಣುಮಕ್ಕಳು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸುತ್ತಿದ್ದಾರೆ. ಧರ್ಮಕ್ಷೇತ್ರಗಳಿಗೆ ಹೋಗುವ ಬಸ್ಸುಗಳಂತೂ ತುಂಬಿ ತುಳುಕುತ್ತಿವೆ. ಅಕ್ಕನಿಗೂ ಟಿಕೆಟ್ಟಿನ ಖರ್ಚಿಲ್ಲ. ಮೆಟ್ಟಿಲು ಮಾತ್ರ ಇದ್ದಲ್ಲೇ ಇದೆ.

೨೦೧೫ರ ನವೆಂಬರ್ ೧೬ರಂದು ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ಸಂಚಾರ ಆರಂಭವಾಯಿತು. ನಮ್ಮ ದೀಪಾಂಜಲಿ ನಗರವೂ ಅದರಲ್ಲೊಂದು ನಿಲ್ದಾಣ. ನಾನು ಆಗತಾನೇ ನಿವೃತ್ತನಾಗಿದ್ದೆ. ಒಂದು ಮಧ್ಯಾಹ್ನ, ಜನಸಂದಣಿ ಇಲ್ಲದ ವೇಳೆಯನ್ನು ನೋಡಿಕೊಂಡು, ಅಕ್ಕನನ್ನು ಕರೆದೊಯ್ದೆ. ರಸ್ತೆಯಿಂದ ಲಿಫ್ಟಿನಲ್ಲಿ ಮೇಲಕ್ಕೆ ಹೋದೆವು. ಬಂಡಿ ಬಂದು ನಿಂತಿತು, ಬಾಗಿಲು ತೆರೆಯಿತು, ಪ್ಲಾಟ್‌ಫಾರಮ್ಮಿನ ನೆಲವೂ ಬಂಡಿಯ ನೆಲವೂ ಒಂದೇ ಮಟ್ಟ. ನಾನು ಕುರ್ಚಿಯ ಹಿಡಿಯನ್ನು ಹಿಡಿಯುವ ಮೊದಲೇ ಅಕ್ಕ ತಾನೇ ಗಾಲಿಗಳನ್ನು ತಳ್ಳಿಕೊಂಡು ಒಳಗೆ ಹೋಗಿದ್ದಳು. ವಿಜಯನಗರ ದಾಟುವವರೆಗೆ ಮಾತನಾಡಲಿಲ್ಲ. ಅನಂತರ ಹೇಳಿದಳು: “ತಮ್ಮಯ್ಯ, ಇದು ಅಪ್ಪನ ಗಾಡಿ ಕಣೋ.”

ಆ ಮಾರ್ಗವು ೨೦೨೧ರಲ್ಲಿ ಕೆಂಗೇರಿಯವರೆಗೂ ೨೦೨೩ರಲ್ಲಿ ಚಲ್ಲಘಟ್ಟದವರೆಗೂ ಬೆಳೆಯಿತು. ಆದರೆ ನಮ್ಮ ಶ್ರೀಮಠಗಳೂ ಗದ್ದುಗೆಗಳೂ ಜಾತ್ರೆಗಳೂ ಇರುವುದು ಮೆಟ್ರೋ ಮುಗಿದಲ್ಲಿಂದ ಮುಂದೆ ತಾನೆ? ಮನೆಗೆ ಸಮೀಪದಲ್ಲಿಯೇ ಸ್ಯಾಟಲೈಟ್ ಬಸ್ ನಿಲ್ದಾಣವಿದೆ. ಬಸ್ಸಿನೊಳಗೆ ಹತ್ತಿಸುವವರು ಬೇಕು. ಬೆಂಗಳೂರಿನಿಂದ ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರೈಲುಮಾರ್ಗ ೨೦೧೭ರಲ್ಲಿ ಪೂರ್ಣಗೊಂಡಿತು. ಅದರ ಡಬ್ಬಿಯ ಮೆಟ್ಟಿಲುಗಳನ್ನೂ ನಿಂತು ಹತ್ತಬಲ್ಲವರಿಗಾಗಿಯೇ ಮಾಡಿದ್ದಾರೆ. ಕೊನೆಗೆ ನಮಗೆ ಉಳಿದದ್ದು ಬಾಡಿಗೆಯ ವ್ಯಾನು. ಪಕ್ಕಕ್ಕೆ ಸರಿಯುವ ಬಾಗಿಲಿರುವ ವ್ಯಾನೇ ಆಗಬೇಕು; ಕಾರಾದರೆ ಸೀಟು ತೀರ ತಗ್ಗು, ಬಾಗಿಲು ಇಕ್ಕಟ್ಟು. ಇದು ಹಣವುಳ್ಳವರ ಮಾತಾಯಿತು ಎಂದು ತಾವು ಹೇಳಬಹುದು. ಹೌದು. ನನ್ನ ಪಿಂಚಣಿಗೆ ವರ್ಷಕ್ಕೆ ಮೂರು ಬಾರಿ ಸಾಧ್ಯವಾಗುವ ಪಯಣವಿದು. ಅಕ್ಕನಂಥ ಬಹುಮಂದಿಗೆ ಒಮ್ಮೆಯೂ ಆಗುವುದಿಲ್ಲ.

ಇನ್ನೊಂದು ವಿಷಯವನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯದಿದ್ದರೆ ಈ ಲೇಖನ ಬರೆದು ಪ್ರಯೋಜನವಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿಯಿಂದಲೇ ಅಕ್ಕ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಬಹಳ ದಿನ ಇದು ನನಗೆ ತಿಳಿಯಲೇ ಇಲ್ಲ. ತಿಳಿಸಿದವಳು ನನ್ನ ಪತ್ನಿ. ದಾರಿಯಲ್ಲಿ ಶೌಚಾಲಯಗಳೇನೋ ಇರುತ್ತವೆ. ಬಾಗಿಲು ಎರಡಡಿ, ಕುರ್ಚಿ ಹೋಗುವುದಿಲ್ಲ. ಒಳಗೆ ಕುಕ್ಕರುಗಾಲಿನಲ್ಲಿ ಕೂರಬೇಕು; ಆಕೆಗೆ ಸಾಧ್ಯವಿಲ್ಲ. ಎಂಟು ಹತ್ತು ಗಂಟೆಗಳ ಕಾಲ ಬಾಯಾರಿಕೆಯನ್ನು ನುಂಗಿ, ಪ್ರಸಾದವನ್ನು ಸಹ ಅರ್ಧ ಬಿಟ್ಟು, “ಹೊಟ್ಟೆ ಸರಿಯಿಲ್ಲ” ಎನ್ನುತ್ತಿದ್ದಳು. ಅದನ್ನು ಭಕ್ತಿಯ ಉಪವಾಸವೆಂದು ನೆಂಟರು ಹೊಗಳಿದ್ದೂ ಉಂಟು! ಯಾವುದೇ ಕ್ಷೇತ್ರಕ್ಕೆ ಹೋಗುವ ಮುನ್ನ ನಾನು ಈಗ ಮೊದಲು ವಿಚಾರಿಸುವುದು ದರ್ಶನದ ವೇಳೆಯನ್ನಲ್ಲ, ಮೂರಡಿ ಬಾಗಿಲಿನ, ಆಸನವಿರುವ, ಗೋಡೆಗೆ ಹಿಡಿಕೆಯಿರುವ ಶೌಚಾಲಯ ಅಲ್ಲಿದೆಯೇ ಎಂಬುದನ್ನು.

ಕೆಲವು ವರ್ಷಗಳ ಹಿಂದೆ ಒಂದು ಬೆಟ್ಟದ ದೇವಾಲಯಕ್ಕೆ ಹೋಗಿದ್ದೆವು. ಸ್ಥಳದ ಹೆಸರು ಬೇಡ. ನಮ್ಮನ್ನು ಕಂಡೊಡನೆ ಏಳೆಂಟು ಮಂದಿ ತರುಣರು ಓಡಿಬಂದರು. ಅಕ್ಕನನ್ನಾಗಲಿ ನನ್ನನ್ನಾಗಲಿ ಒಂದು ಮಾತು ಕೇಳದೆ ಕುರ್ಚಿಯ ಸಮೇತ ಎತ್ತಿ ಹೆಗಲಿಗೇರಿಸಿ, ಜಯಘೋಷ ಮಾಡುತ್ತ ಮೆಟ್ಟಿಲುಗಳನ್ನು ಏರಿದರು. ಜನ ಬದಿಗೆ ಸರಿದು ಕೈಮುಗಿದರು. ಇಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಅವರ ಸದ್ಭಾವನೆಯಲ್ಲಿ ಕೊರತೆಯೇನೂ ಇರಲಿಲ್ಲ; ನನ್ನ ಕಣ್ಣುಗಳೂ ಒದ್ದೆಯಾಗಿದ್ದವು. ಇಳಿದು ಬರುವಾಗ ಅಕ್ಕ ಕುರ್ಚಿಯ ಎರಡು ತೋಳುಗಳನ್ನೂ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು. ಧ್ಯಾನವೆಂದುಕೊಂಡೆ. ರಾತ್ರಿ ಮನೆ ಸೇರಿದ ಮೇಲೆ ಹೇಳಿದಳು: “ನನ್ನನ್ನ ಉತ್ಸವಮೂರ್ತಿ ಮಾಡಿಬಿಟ್ರಲ್ಲೋ. ಉತ್ಸವಮೂರ್ತಿಗೆ ಇಲ್ಲಿ ನಿಲ್ಲಿಸಿ ಅನ್ನೋಕಾಗಲ್ಲ, ಇಳಿಸಿ ಅನ್ನೋಕೂ ಆಗಲ್ಲ. ನೀನೂ ನೋಡ್ತಾ ನಿಂತಿದ್ದೆ.”

ಆ ಕೊನೆಯ ಮಾತು ನನ್ನನ್ನು ಬಹಳ ಕಾಡಿತು.

ಹೊತ್ತೊಯ್ಯುವುದೇ ತಪ್ಪೆಂದು ಅಕ್ಕನ ಅಭಿಪ್ರಾಯವಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯನ್ನೇ ಕಡಿದು ಮಾಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಲ್ಲಿ ನಡೆಯಲಾರದವರಿಗೆ ಡೋಲಿಗಳುಂಟು. ಆಕೆ ಡೋಲಿಯಲ್ಲಿ ಸಂತೋಷದಿಂದಲೇ ಕುಳಿತು ಗೊಮ್ಮಟನನ್ನು ಕಂಡು ಬಂದಳು. ಕೂಲಿ ಮಾತಾಡಿಕೊಂಡು ಕುಳಿತವಳಿಗೆ, ಹೊರುವವರಿಗೆ “ಸ್ವಲ್ಪ ನಿಲ್ಲಿಸಪ್ಪ, ಕೆಳಗಿನ ಕಲ್ಯಾಣಿ ನೋಡಬೇಕು” ಎನ್ನುವ ಅಧಿಕಾರವಿರುತ್ತದೆ, ಅವರೂ ನಿಲ್ಲಿಸಿದರು. ಅದು ಅವರ ಕಾಯಕ. ಹಂಪಿಯ ವಿಠ್ಠಲ ದೇವಾಲಯಕ್ಕೆ ವಾಹನ ನಿಲ್ದಾಣದಿಂದ ಬ್ಯಾಟರಿ ಗಾಡಿಗಳು ಓಡುತ್ತವೆ. ಅವುಗಳಲ್ಲಿ ಕಾಲಿರುವವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಫ್ರಾನ್ಸ್ ದೇಶದ ಲೂರ್ದ್ ಎಂಬ ಕ್ರೈಸ್ತ ಯಾತ್ರಾಸ್ಥಳದಲ್ಲಿ ಸ್ವಯಂಸೇವಕರು ರೋಗಿಗಳನ್ನು ಗಾಲಿಬಂಡಿಗಳಲ್ಲಿ ಕೂರಿಸಿ ಎಳೆದೊಯ್ಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇಲ್ಲೆಲ್ಲ ನೆರವಿಗೆ ಒಂದು ಏರ್ಪಾಡಿದೆ.

ಏನು ಮಾಡಿದರೂ ಆಗದ ಸ್ಥಳಗಳೂ ಇವೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ, ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ, ಸುತ್ತು ಮೆಟ್ಟಿಲುಗಳಲ್ಲಿ ಕೆಳಗಿಳಿಯುವಂತೆ ಮಾಡಿದ್ದಾರೆ. ಆ ಗೋಡೆಯಿಲ್ಲದಿದ್ದರೆ ಮಂಟಪವೇ ನೀರಿನಲ್ಲಿ ಮುಳುಗುತ್ತಿತ್ತು. ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಅಕ್ಕ ಮೇಲಿನಿಂದಲೇ ಕೆಳಗೆ ನೋಡಿ, ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಕುಳಿತಳು. “ಇಲ್ಲಿ ಇಷ್ಟೇ ಆಗೋದು ಅಂತ ಗೊತ್ತಾದ್ರೆ ಬೇಸರ ಇಲ್ಲ. ಆಗೋದನ್ನ ಮಾಡದಿದ್ರೆ ಬೇಸರ” ಎಂದಳು. ಬೆಟ್ಟಗಳೂ ಬಾವಿಗಳೂ ನಮ್ಮನ್ನು ತಡೆದದ್ದು ನಿಜವಾಗಿ ಅಪರೂಪ. ನಮ್ಮನ್ನು ಮತ್ತೆ ಮತ್ತೆ ತಡೆದದ್ದು ಏಳಂಗುಲದ ಒಂದು ಮೆಟ್ಟಿಲು, ಅರ್ಧ ಅಡಿಯ ಒಂದು ಹೊಸ್ತಿಲು.

ಕಾನೂನು ಏನೆನ್ನುತ್ತದೆ ಎಂದು ತಾವು ಕೇಳಬಹುದು. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಕಟ್ಟಡವೆಂದರೇನು ಎಂಬುದನ್ನು ವಿವರಿಸುವಾಗ ಅದು ಧಾರ್ಮಿಕ ಉದ್ದೇಶಕ್ಕೆ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ೨೦೨೪ರ ನವೆಂಬರ್ ೮ರಂದು ಸರ್ವೋಚ್ಚ ನ್ಯಾಯಾಲಯವು, ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ, ಇಂಥ ಅನುಕೂಲಗಳ ಅಳತೆಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಬೇಕೆಂದು ತೀರ್ಪಿತ್ತಿತು. ಒಳ್ಳೆಯದೇ. ಆದರೆ ಹಳ್ಳಿಯ ದೇವಾಲಯದ ಹೊಸ್ತಿಲಿಗೆ ದೆಹಲಿಯ ತೀರ್ಪು ತಲುಪುವುದು ನಿಧಾನ.

ಈಗ ನನ್ನ ಸ್ವಂತ ತಪ್ಪಿನ ಮಾತು. ನಮ್ಮ ನೆಂಟರಲ್ಲಿ ಶಾಸ್ತ್ರ ಬಲ್ಲ ಹಿರಿಯರೊಬ್ಬರು ಅಕ್ಕನಿಗೆ ಸಮಾಧಾನ ಹೇಳುವುದುಂಟು: ಲಿಂಗಾಯತರಿಗೆ ಸ್ಥಾವರದ ಹಂಗಿಲ್ಲ, ಕರಸ್ಥಲದಲ್ಲಿಯೇ ಇಷ್ಟಲಿಂಗವಿದೆ, ನೀನೇಕೆ ಊರೂರು ತಿರುಗಿ ದಣಿಯಬೇಕು ಎಂದು. ತತ್ತ್ವವೇನೋ ಸರಿಯೇ. ಅಕ್ಕ ಒಮ್ಮೆ ವಿನಯದಿಂದಲೇ ಕೇಳಿದಳು: “ಹಂಗಾದ್ರೆ ಕಾಲಿರೋರೂ ಮನೇಲೇ ಇರಬೇಕಲ್ಲವಾ ಅಣ್ಣಾವ್ರೆ?” ಅವರು ನಕ್ಕು ಮಾತು ಮರೆಸಿದರು. ಆಕೆ ಹೋಗಬೇಕೆನ್ನುವುದು ಕಲ್ಲನ್ನು ಕಾಣಲಿಕ್ಕಲ್ಲ, ಜನರನ್ನು ಕಾಣಲಿಕ್ಕೆ, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಿಕ್ಕೆ.

ಶ್ರೀಮಠಕ್ಕೆ ಆಕೆ ಮೊಟ್ಟಮೊದಲ ಬಾರಿಗೆ ಬಂದದ್ದು ೨೦೧೬ರಲ್ಲಿ. ಜಾತ್ರೆಯಲ್ಲಲ್ಲ, ಒಂದು ಸಾಧಾರಣ ಸೋಮವಾರ. ಆರು ವರ್ಷ ತಮ್ಮ ಓದಿದ ಸ್ಥಳವನ್ನು ಅಕ್ಕ ಅರವತ್ತೈದನೆಯ ವಯಸ್ಸಿನಲ್ಲಿ ಕಂಡಳು. ನಾನು ಮಲಗುತ್ತಿದ್ದ ಕೊಠಡಿಯ ಜಾಗ, ಬೆಳಗಿನ ಪ್ರಾರ್ಥನೆಯ ಅಂಗಳ, ನೀರು ಸೇದುತ್ತಿದ್ದ ಬಾವಿ, ಎಲ್ಲವನ್ನೂ ತೋರಿಸಿದೆ. ದಾಸೋಹದ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದಾಗ, ಎಲ್ಲಿಯದೋ ಮಾತಿನಂತೆ, ಆಕೆ ೧೯೬೯ರ ಕಾಗದದ ಪ್ರಸ್ತಾಪವನ್ನು ತೆಗೆದಳು.

ಆ ವರ್ಷ ತಂದೆಯವರು ಗಾಡಿ ಕಟ್ಟಿಕೊಂಡು ಮನೆಯವರೆಲ್ಲರೊಡನೆ ಜಾತ್ರೆಗೆ ಬರುವುದಾಗಿ ಹೇಳಿ ಕಳುಹಿಸಿದ್ದರು. ಗಾಡಿಯಲ್ಲಿ ಒಂದು ದಿನದ ಹಾದಿ. ನನಗಾಗ ಹದಿನಾಲ್ಕು ವರ್ಷ. ಸಹಪಾಠಿಗಳ ಮುಂದೆ ಅಕ್ಕ ಕೈಯೂರಿಕೊಂಡು ಗಾಡಿಯಿಂದ ಇಳಿಯುವ ಚಿತ್ರ ನನ್ನ ಕಣ್ಣ ಮುಂದೆ ಬಂದಿತು. ಒಂದು ಕಾರ್ಡು ಬರೆದೆ: ಇಲ್ಲಿ ಬಹಳ ನೂಕುನುಗ್ಗಲು, ಅಕ್ಕನಿಗೆ ತೊಂದರೆಯಾಗುತ್ತದೆ, ಆಕೆಯನ್ನು ಕರೆತರಬೇಡಿ. ತೊಂದರೆ ಎಂಬ ಮಾತು ಸುಳ್ಳು. ನನಗೆ ನಾಚಿಕೆಯಾಗಿತ್ತು. ಕಾರ್ಡು ಬರೆಯುವಾಗ ನಾನು ಮರೆತದ್ದು ಒಂದು ಸಂಗತಿ: ನಮ್ಮ 

ತಂದೆತಾಯಿಗಳಿಗೆ ಓದು ಬಾರದು; ಮನೆಯಲ್ಲಿ ಅಕ್ಷರ ಬಲ್ಲವಳು, ಬಂದ ಕಾಗದಗಳನ್ನೆಲ್ಲ ಓದಿ ಹೇಳುವವಳು ಅಕ್ಕ ಒಬ್ಬಳೇ.

“ಆ ಸಾಲು ಬಿಟ್ಟು ಓದಿದೆ” ಎಂದಳು ಅಕ್ಕ. “ನಾನೇ ಬರಲ್ಲ, ಮೈ ಸರಿಯಿಲ್ಲ ಅಂತ ಅಮ್ಮಂಗೆ ಹೇಳಿದೆ. ಅಪ್ಪ ಎರಡು ಸಲ ಕೇಳಿದರು.” ಬಡಿಸುವವರು ಬಂದರು. ಆಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ನಾನು ಏನು ಹೇಳಿದೆನೆಂಬುದು ನೆನಪಿಲ್ಲ. ಬಹುಶಃ ಏನೂ ಹೇಳಲಿಲ್ಲ. ೧೯೭೨ರಲ್ಲಿ ಬಸ್ಸು ಬಂದು ಗಾಡಿ ನಿಂತಿತೆಂದು ಮೇಲೆ ಬರೆದೆನಷ್ಟೆ. ಅದಕ್ಕೆ ಮೂರು ವರ್ಷ ಮೊದಲೇ, ಗಾಡಿ ಇದ್ದಾಗಲೇ, ದಾರಿಗೆ ಅಡ್ಡ ನಿಂತವನು ನಾನು.

ಆ ಬಳಿಕವೇ ನಾನು ಇಂಚುಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳಲು ಆರಂಭಿಸಿದ್ದು. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ತೂಕದ ಟ್ರಾನ್ಸ್‌ಫಾರ್ಮರನ್ನು ಸಾಗಿಸುವಾಗ ಯಾರೂ ಅದರ ಮೇಲೆ ಕರುಣೆ ತೋರಿ ಹೆಗಲಿಗೆತ್ತಿಕೊಳ್ಳುವುದಿಲ್ಲ. ದಾರಿಯನ್ನು ಅಳೆದು, ಇಳಿಜಾರನ್ನು ಲೆಕ್ಕ ಹಾಕಿ ಸಿದ್ಧಮಾಡುತ್ತಾರೆ. ಗಾಲಿಕುರ್ಚಿಯ ಇಳಿಜಾರಿಗೆ ಅಂಗೀಕೃತವಾದ ಪ್ರಮಾಣ ಒಂದಕ್ಕೆ ಹನ್ನೆರಡು. ನಮ್ಮ ಹಳ್ಳಿಯ ಗಾರೆ ಕೆಲಸದವರಿಗೆ ಇದನ್ನು ತಿಳಿಸುವ ಸುಲಭವಾದ ಸೂತ್ರ: ಎಷ್ಟು ಅಂಗುಲ ಎತ್ತರವೋ ಅಷ್ಟು ಅಡಿ ಉದ್ದ. ಏಳಂಗುಲದ ಮೆಟ್ಟಿಲಿಗೆ ಏಳಡಿ ಇಳಿಜಾರು; ಅಷ್ಟೆ.

ಈ ಸೂತ್ರವನ್ನು ನಾನೇ ಮೊದಲು ಪಾಲಿಸಲಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಊರಿನ ವೀರಭದ್ರಸ್ವಾಮಿ ದೇವಾಲಯಕ್ಕೆ ಎರಡು ಮೆಟ್ಟಿಲು, ಒಟ್ಟು ಹದಿನಾಲ್ಕು ಅಂಗುಲ. ನಾನು ಉತ್ಸಾಹದಿಂದ ಎಂಟಡಿಯ ಹಲಗೆಯೊಂದನ್ನು ಕೊಂಡೊಯ್ದೆ. ಅದು ಎಷ್ಟು ಕಡಿದಾಯಿತೆಂದರೆ ಇಬ್ಬರು ತಳ್ಳಿದರೂ ಕುರ್ಚಿ ಹಿಂದಕ್ಕೆ ಜಾರಿತು, ಅಕ್ಕ ಬೀಳುವುದರಲ್ಲಿದ್ದಳು. ಮರುವರ್ಷ, ೨೦೧೯ರಲ್ಲಿ, ಊರಿನ ಹುಡುಗರು ಸೇರಿ ಪಕ್ಕದ ಬಾಗಿಲಿಗೆ ಇಟ್ಟಿಗೆ, ಸಿಮೆಂಟಿನಲ್ಲಿ ಹದಿನಾಲ್ಕು ಅಡಿ ಉದ್ದ, ನಾಲ್ಕಡಿ ಅಗಲದ ಇಳಿಜಾರನ್ನು ಕಟ್ಟಿದರು. ಮಳೆಗೆ ಜಾರದಂತೆ ಮೇಲ್ಮೈಯನ್ನು ಪೊರಕೆಯಿಂದ ಗೀರಿ ಒರಟು ಮಾಡಿದರು. ಆಕ್ಷೇಪಣೆಗಳು ಬಾರದೆ ಇರಲಿಲ್ಲ. ಬೀದಿಯ ಕೊಳೆ ಮೆತ್ತಿದ ಗಾಲಿ ಒಳಗೆ ಬರಬಹುದೇ ಎಂದರು. ಅಕ್ಕ ಸೆರಗಿನ ಗಂಟಿನಿಂದ ಒದ್ದೆ ಬಟ್ಟೆಯನ್ನು ತೆಗೆದು, ಬಾಗಿ, ಎರಡು ಗಾಲಿಗಳನ್ನೂ ತಾನೇ ಒರೆಸಿದಳು. “ನಿಮ್ಮ ಪಾದಾನೂ ತೊಳೆದುಕೊಂಡೇ ಬಂದಿದ್ದೀರಲ್ಲ?” ಎಂದು ಕೇಳಿದಳಷ್ಟೆ. ಹೊಸ್ತಿಲನ್ನು ತುಳಿಯುವ ಬಗ್ಗೆಯೂ ಮಾತು ಬಂದಿತು. ಅದಕ್ಕೆ ತೆಗೆದಿಡಬಹುದಾದ ಚಿಕ್ಕ ಹಲಗೆಯನ್ನು ಎರಡೂ ಕಡೆ ಇಳಿಜಾರಾಗುವಂತೆ ಬಡಗಿಯಿಂದ ಮಾಡಿಸಿದೆವು. ಹೊಸ್ತಿಲಿಗೆ ಏನೂ ತಾಗುವುದಿಲ್ಲ. ಈಗ ಆ ಇಳಿಜಾರಿನಲ್ಲಿ ಮಂಡಿನೋವಿನ ಹಿರಿಯರು ಬರುತ್ತಾರೆ, ಕೂಸನ್ನೆತ್ತಿಕೊಂಡ ತಾಯಂದಿರು ಬರುತ್ತಾರೆ, ಅಡುಗೆಯ ಕೊಪ್ಪರಿಗೆ ಬರುತ್ತದೆ. ಕಳೆದ ಬಾರಿ ಸ್ವಾಮಿಯ ಪಲ್ಲಕ್ಕಿಯನ್ನೂ ಅದರ ಮೇಲೆಯೇ ಇಳಿಸಿದರು. ಮೊದಲು ಆಕ್ಷೇಪಿಸಿದ್ದವರೇ ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದರು.

ನನ್ನ ಪುಸ್ತಕದಲ್ಲಿ ಈಗ ಇಪ್ಪತ್ತಮೂರು ಸ್ಥಳಗಳ ಅಳತೆಗಳಿವೆ: ವಾಹನ ಎಲ್ಲಿಯವರೆಗೆ ಹೋಗುತ್ತದೆ, ಮೆಟ್ಟಿಲುಗಳೆಷ್ಟು, ಹೊಸ್ತಿಲು ಎಷ್ಟೆತ್ತರ, ಪಕ್ಕದ ಬಾಗಿಲಿದೆಯೇ, ಪ್ರಸಾದಕ್ಕೆ ಮೇಜಿನ ಸಾಲಿದೆಯೇ, ಶೌಚಾಲಯದ ಬಾಗಿಲು ಎಷ್ಟಗಲ. ನಾಡಿನ ಮೂಲೆಮೂಲೆಗಳಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿದ್ದೀರಿ. ಶಾಲೆಗಳಲ್ಲಿ, ಪಂಚಾಯಿತಿಗಳಲ್ಲಿ, ದೇವಾಲಯದ ಸಮಿತಿಗಳಲ್ಲಿದ್ದೀರಿ. ತಮ್ಮ ತಮ್ಮ ಊರಿನ ಇಂಥ ವಿವರವನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ಕಾರ್ಯಾಲಯಕ್ಕೆ ಕಳುಹಿಸುವಿರಾದರೆ, ನಾನು ಅವುಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚುಕಟ್ಟಾಗಿ ಬರೆದುಕೊಡುತ್ತೇನೆ. “ಮೆಟ್ಟಿಲುಗಳಿವೆ, ಬರುವುದು ಕಷ್ಟ” ಎಂದಿದ್ದರೂ ಅದೂ ಉಪಯುಕ್ತವೇ. ಬಂದು ಬಾಗಿಲಿನಿಂದ ಹಿಂದಿರುಗುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ಸದ್ಯಕ್ಕೆ ಅಕ್ಕನ ಮನಸ್ಸಿನಲ್ಲಿರುವುದು ಯಡಿಯೂರು. ತಂದೆಯವರ ಗಾಡಿಯಲ್ಲಿ ಹೋಗಿದ್ದ ಸಿದ್ಧಲಿಂಗೇಶ್ವರರ ಸನ್ನಿಧಿಗೆ ಈ ಶಿವರಾತ್ರಿಯ ಮುಂಚೆ ಮತ್ತೊಮ್ಮೆ ಹೋಗಬೇಕಂತೆ. ಆಗಿನ ಬಾಗಿಲು ಆಕೆಗೆ ನೆನಪಿದೆ, ಮೆಟ್ಟಿಲು ನೆನಪಿಲ್ಲ. ಆ ಕಡೆಯ ಶರಣ ಬಂಧುಗಳು ಯಾರಾದರೂ ಅಳತೆಯನ್ನು ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಇಂಚುಪಟ್ಟಿ ಕೈಯಲ್ಲಿಲ್ಲದಿದ್ದರೆ ಗೇಣಿನಲ್ಲಿ ಅಳೆದರೂ ಸಾಕು; ಅಕ್ಕನಿಗೆ ಗೇಣಿನ ಲೆಕ್ಕವೇ ಹೆಚ್ಚು ಅಭ್ಯಾಸ.